ಸೊನ್ನೆ ಕಾಪಾಡಿಕೊಳ್ಳದ ಕೇಟಿ

ಪ್ರೊಫೆಷನಲ್ ಬಾಕ್ಸಿಂಗ್‌ನಲ್ಲಿ ಸೊನ್ನೆಗೆ ಇರುವಷ್ಟು ಬೆಲೆ ಬೇರೆಲ್ಲೂ ಇಲ್ಲ. ಒಬ್ಬರ ಲೆಕ್ಕ 20-0 ಅಂದರೆ 20 ಗೆಲುವು, ಸೋಲು ಸೊನ್ನೆ. ಆ ಸೊನ್ನೆ ಇರುವವರೆಗೆ ಪೋಸ್ಟರ್ ಮೇಲೆ ‘ಸೋಲೇ ಕಾಣದವರು’ ಅಂತ ಹಾಕಬಹುದು, ಟಿಕೆಟ್ ಮಾರಬಹುದು. ಅದಕ್ಕೇ ಪಂದ್ಯ ಏರ್ಪಡಿಸುವ ಪ್ರೊಮೋಟರ್‌ಗಳು ಅದನ್ನು ಹಸುಗೂಸಿನ ಹಾಗೆ ನೋಡಿಕೊಳ್ಳುತ್ತಾರೆ. ಗಟ್ಟಿ ಎದುರಾಳಿ ಬಂದರೆ ದುಡ್ಡಿನ ಮಾತು ಮುರಿದು ಬೀಳುತ್ತದೆ, ತಾರೀಕು ಹೊಂದುವುದಿಲ್ಲ, ಎಲ್ಲೋ ಒಂದು ಭುಜ ನೋವು ಶುರುವಾಗುತ್ತದೆ. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅನ್ನುವ ಗಾದೆಯನ್ನು ಇವರಷ್ಟು ನಂಬಿದವರು ಯಾರೂ ಇಲ್ಲ.

ಈ ದಂಧೆಯೊಳಗೆ ಐರ್ಲೆಂಡಿನ ಕೇಟಿ ಟೇಲರ್ ಅಮೆಚೂರ್ ಅಭ್ಯಾಸವೊಂದನ್ನು ಹಾಗೇ ಹೊತ್ತುಕೊಂಡು ಬಂದಳು. ಅಮೆಚೂರ್ ಟೂರ್ನಿಯಲ್ಲಿ, ಅಂದರೆ ಒಲಿಂಪಿಕ್ಸ್‌ನಂಥ ಕಡೆ, ಎದುರಾಳಿಯನ್ನು ಆರಿಸಿಕೊಳ್ಳುವ ಹಾಗಿಲ್ಲ. ಡ್ರಾದಲ್ಲಿ ಯಾರ ಹೆಸರು ಬಂತೋ ಅವರ ಜೊತೆ ಆಡಬೇಕು. ಇವತ್ತು ಗೆದ್ದರೆ ಮತ್ತೆ ಒಂದೆರಡು ದಿನದಲ್ಲಿ ಇನ್ನೊಬ್ಬರು. ಬಹಳ ಜನ ಈಕೆಯ ಒಲಿಂಪಿಕ್ ಚಿನ್ನದ ಬಗ್ಗೆ, ಬೆಲ್ಟುಗಳ ಬಗ್ಗೆ ಬರೆಯುತ್ತಾರೆ. ನನಗೆ ಹಿಡಿಸಿದ್ದು ಈ ಅಭ್ಯಾಸ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಊರು ಬ್ರೇ, ಡಬ್ಲಿನ್ ಪಕ್ಕದ ವಿಕ್ಲೋ ಕೌಂಟಿಯ ಕಡಲತೀರದ ಊರು. ಹುಟ್ಟಿದ್ದು 1986ರಲ್ಲಿ. ಅಪ್ಪ ಪೀಟ್ ಬಾಕ್ಸರ್, ಐರಿಷ್ ಚಾಂಪಿಯನ್ ಆಗಿದ್ದವರು. ಅವರೇ ಕೋಚ್. ಆಗ ಐರ್ಲೆಂಡಿನಲ್ಲಿ ಹುಡುಗಿಯರಿಗೆ ಬಾಕ್ಸಿಂಗ್ ಪಂದ್ಯವೇ ಇರಲಿಲ್ಲ. ಹೆಡ್‌ಗಾರ್ಡ್ ಒಳಗೆ ಕೂದಲು ಮುಚ್ಚಿಕೊಂಡು, ‘ಕೆ. ಟೇಲರ್’ ಅಂತ ಹೆಸರು ಕೊಟ್ಟು ಹುಡುಗರ ಜೊತೆ ಆಡಿ, ಗೆದ್ದ ಮೇಲೆ ಹೆಡ್‌ಗಾರ್ಡ್ ತೆಗೆಯುತ್ತಿದ್ದಳು. ಸೋತ ಹುಡುಗನ ಮನೆಯಲ್ಲಿ ಅವತ್ತು ಏನೇನು ಮಾತು ನಡೆದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. 2001ರಲ್ಲಿ, 15ನೇ ವಯಸ್ಸಿಗೆ, ಡಬ್ಲಿನ್‌ನ ನ್ಯಾಷನಲ್ ಸ್ಟೇಡಿಯಂನಲ್ಲಿ ಆ ದೇಶದ ಮೊದಲ ಅಧಿಕೃತ ಮಹಿಳಾ ಬೌಟ್ ನಡೆಯಿತು. ಒಂದು ಮೂಲೆಯಲ್ಲಿ ಇದ್ದದ್ದು ಇವಳೇ. ಮಧ್ಯೆ ಐರ್ಲೆಂಡ್ ಫುಟ್‌ಬಾಲ್ ತಂಡಕ್ಕೂ ಆಡಿದಳು. ಅದು ಬೇರೆಯೇ ಕಥೆ, ಬಿಡಿ.

ಆಮೇಲೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸತತ ಐದು ಚಿನ್ನ, 2006ರಿಂದ 2014ರವರೆಗೆ. ಮೊದಲನೆಯದು ಗೆದ್ದದ್ದು ನಮ್ಮ ದೆಹಲಿಯಲ್ಲಿ. ಅದೇ ಟೂರ್ನಿಯಲ್ಲಿ ಮೇರಿ ಕೋಮ್ ಕೂಡ ಚಿನ್ನ ಗೆದ್ದರು. ಇಬ್ಬರೂ ವಿಶ್ವ ಚಾಂಪಿಯನ್‌ಗಳು, ಆದರೆ ಒಲಿಂಪಿಕ್ಸ್‌ನಲ್ಲಿ ಆಡಲು ಇಬ್ಬರಿಗೂ ಜಾಗ ಇಲ್ಲ. ಮಹಿಳಾ ಬಾಕ್ಸಿಂಗನ್ನು ಸೇರಿಸುವ ತೀರ್ಮಾನ ಆಗಿದ್ದು 2009ರಲ್ಲಿ, ಅದೂ ಮೂರೇ ತೂಕಗಳಿಗೆ. ಮೇರಿ ಕೋಮ್ ತಮ್ಮ ತೂಕ ಬಿಟ್ಟು 51 ಕೆಜಿಗೆ ಹೋಗಬೇಕಾಯಿತು. ಕೇಟಿಯ 60 ಕೆಜಿ ಅದೃಷ್ಟಕ್ಕೆ ಉಳಿದುಕೊಂಡಿತು.

2012, ಲಂಡನ್ ಒಲಿಂಪಿಕ್ಸ್. ಫೈನಲ್‌ನಲ್ಲಿ ರಷ್ಯಾದ ಸೋಫಿಯಾ ಒಚಿಗಾವಾ ಎದುರು ಎರಡನೇ ರೌಂಡ್ ಮುಗಿದಾಗ ಕೇಟಿ ಒಂದು ಪಾಯಿಂಟ್ ಹಿಂದೆ ಇದ್ದಳು. ಕೊನೆಗೆ 10-8, ಚಿನ್ನ ಕೇಟಿಗೆ. ಆಗ ಕಂಪ್ಯೂಟರ್ ಸ್ಕೋರಿಂಗ್ ಕಾಲ. ಜಡ್ಜ್‌ಗಳು ಬಟನ್ ಒತ್ತಿ ಪಾಯಿಂಟ್ ಕೊಡುತ್ತಿದ್ದರು. ತಟಕ್ಕನೆ ಹೊಡಿ, ಪಕ್ಕಕ್ಕೆ ಸರಿ. ಈ ಆಟಕ್ಕೆ ಕೇಟಿಯ ಕೈವೇಗ ಹೇಳಿ ಮಾಡಿಸಿದ ಹಾಗಿತ್ತು.

ನಾಲ್ಕು ವರ್ಷಕ್ಕೆ ಎಲ್ಲಾ ಕುಸಿಯಿತು. ರಿಯೋ ಒಲಿಂಪಿಕ್ಸ್‌ಗೆ ಹೋಗುವಾಗ ಕೋಚ್ ಆಗಿ ಅಪ್ಪ ಇರಲಿಲ್ಲ, ಇಬ್ಬರೂ ದೂರವಾಗಿದ್ದರು. ಆ ವರ್ಷ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಕಂಚಿಗೆ ನಿಂತಿದ್ದಳು. ರಿಯೋ ಕ್ವಾರ್ಟರ್ ಫೈನಲ್‌ನಲ್ಲಿ ಫಿನ್‌ಲೆಂಡಿನ ಮಿರಾ ಪೊಟ್ಕೊನೆನ್ ಎದುರು ಸೋಲು. ವಯಸ್ಸು 30. ಅಲ್ಲಿಗೆ ಮುಗಿಯಿತು ಅಂದುಕೊಂಡವರಲ್ಲಿ ನಾನೂ ಒಬ್ಬ.

ಮೂರೇ ತಿಂಗಳಲ್ಲಿ, 2016ರ ನವೆಂಬರ್‌ನಲ್ಲಿ, ಲಂಡನ್‌ನ ವೆಂಬ್ಲಿ ಅರೀನಾದಲ್ಲಿ ಪ್ರೊಫೆಷನಲ್ ಆಗಿ ರಿಂಗಿಗೆ ಇಳಿದಳು. ಮಹಿಳೆಯರ ಬಾಕ್ಸಿಂಗ್‌ಗೆ ಟಿಕೆಟ್ ಮಾರಾಟ ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದ ಕಾಲ ಅದು. ಪ್ರೊಮೋಟರ್ ಎಡ್ಡಿ ಹರ್ನ್‌ಗೆ ಮೆಸೇಜ್ ಕಳಿಸಿ ಅವಕಾಶ ಕೇಳಿದ್ದು ಇವಳೇ. ಅಮೆರಿಕದ ಕನೆಕ್ಟಿಕಟ್‌ಗೆ ಹೋಗಿ ರಾಸ್ ಎನಮೈಟ್ ಹತ್ತಿರ ತರಬೇತಿ.

ಇದನ್ನು ‘ಬಡ್ತಿ’ ಅಂತ ಬರೆಯುವವರಿದ್ದಾರೆ. ನನಗೆ ಅದು ಬೇರೆ ಕಸುಬು. ಹೆಡ್‌ಗಾರ್ಡ್ ಇಲ್ಲ, ಗ್ಲೌಸ್ ಸಣ್ಣದು, ನಾಲ್ಕು ರೌಂಡಿನ ಜಾಗದಲ್ಲಿ ದೊಡ್ಡ ಫೈಟ್ ಅಂದರೆ ಹತ್ತು ರೌಂಡು. ಅಮೆಚೂರ್‌ನಲ್ಲಿ ಪಂಚ್ ತಾಗಿದರೆ ಸಾಕು, ಇಲ್ಲಿ ನೋಯಬೇಕು. ಒಲಿಂಪಿಕ್ ಪದಕದವರು ಎಷ್ಟೋ ಜನ ಇಲ್ಲಿ ಬಂದು ಕಳೆದುಹೋಗಿದ್ದಾರೆ. ಹೋಗಲೇಬೇಕು ಅಂತಲೂ ಇಲ್ಲ. ಅದೇ ಐರ್ಲೆಂಡಿನ, ಅದೇ ತೂಕದ ಕೆಲ್ಲಿ ಹ್ಯಾರಿಂಗ್ಟನ್ ಅಮೆಚೂರ್ ಆಗಿಯೇ ಇದ್ದು ಟೋಕಿಯೋದಲ್ಲೂ ಪ್ಯಾರಿಸ್‌ನಲ್ಲೂ ಚಿನ್ನ ತಂದಳು. ಅವಳೇನು ಕಡಿಮೆಯೇ?

ಬೆಲ್ಟುಗಳು ಬೇಗ ಬಂದವು. ಮೊದಲನೆಯದು 2017ರ ಅಕ್ಟೋಬರ್‌ನಲ್ಲಿ ಕಾರ್ಡಿಫ್‌ನಲ್ಲಿ. ಅದರ ವಿವರ ಬೇಡ. ನಾನು ಹೇಳಬೇಕಾದದ್ದು 2019ರ ಜೂನ್ 1ರ ರಾತ್ರಿಯ ವಿಷಯ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಎದುರಿಗೆ ಬೆಲ್ಜಿಯಂನ ಡೆಲ್ಫಿನ್ ಪರ್ಸೂನ್. ಗೆದ್ದವರಿಗೆ ನಾಲ್ಕೂ ಬೆಲ್ಟ್, ಅಂದರೆ ಆ ತೂಕದಲ್ಲಿ ನಾಲ್ಕು ಬಾಕ್ಸಿಂಗ್ ಸಂಸ್ಥೆಗಳು ಕೊಡುವ ವಿಶ್ವ ಪಟ್ಟಗಳೆಲ್ಲ. ಪರ್ಸೂನ್ ಕೆಲಸದಲ್ಲಿ ಪೊಲೀಸ್, ಹೊಡೆಯುವ ರೀತಿಯಲ್ಲಿ ಸ್ಟೈಲ್ ಗೀಲ್ ಏನಿಲ್ಲ. ಸುಮ್ನೆ ಮುಂದೆ ಬರುತ್ತಲೇ ಇರುತ್ತಾಳೆ. ಕೊನೆಯ ರೌಂಡುಗಳಲ್ಲಿ ಕೇಟಿ ಮುಖ ಊದಿಕೊಂಡು ನಿಲ್ಲಲೂ ಕಷ್ಟಪಡುತ್ತಿದ್ದಳು. ನಾನು ಇಲ್ಲಿ ಭಾನುವಾರ ಬೆಳಗ್ಗೆ ಹಳೇ ಬಿಲ್ಲಿನ ಹಿಂದೆ ಅಂಕ ಬರೆದುಕೊಳ್ಳುತ್ತಾ ಕೂತಿದ್ದೆ. ಜಡ್ಜ್‌ಗಳು 96-94, 96-94, 95-95 ಅಂತ ಕೇಟಿಗೆ ಕೊಟ್ಟರು. ನನ್ನ ಚೀಟಿಯಲ್ಲಿ ಪರ್ಸೂನ್ ಒಂದು ರೌಂಡ್ ಮುಂದೆ. ಈಗಲೂ ನನ್ನ ಅಭಿಪ್ರಾಯ ಅದೇ. ಅಭಿಮಾನಿ ಆದ ಮಾತ್ರಕ್ಕೆ ಕಣ್ಣು ಮುಚ್ಚಿಕೊಳ್ಳಲು ಆಗುತ್ತದಾ? ಪರ್ಸೂನ್ ಅಳುತ್ತಾ ರಿಂಗಿನಿಂದ ಹೋಗಿದ್ದು ಮರೆಯುವಂಥದ್ದಲ್ಲ.

ಇಂಥ ರಾತ್ರಿಯ ನಂತರ ಜಾಣ ಬಾಕ್ಸರ್ ಏನು ಮಾಡಬೇಕು? ಪರ್ಸೂನ್ ಹೆಸರೇ ಎತ್ತಬಾರದು. ನಾಲ್ಕು ಬೆಲ್ಟ್ ಮನೆಯಲ್ಲಿದೆ, ಸೊನ್ನೆ ಭದ್ರವಾಗಿದೆ. ಕೇಟಿ ಮತ್ತೆ ಆಡಿದಳು, 2020ರ ಆಗಸ್ಟ್‌ನಲ್ಲಿ, ಕೋವಿಡ್ ಮಧ್ಯೆ, ಎಸ್ಸೆಕ್ಸ್‌ನಲ್ಲಿ ಪ್ರೊಮೋಟರ್ ಆಫೀಸಿನ ತೋಟದಲ್ಲಿ ಹಾಕಿದ ರಿಂಗಿನಲ್ಲಿ. ಪ್ರೇಕ್ಷಕರೇ ಇಲ್ಲ. ಪಂಚ್ ಬಿದ್ದ ಸದ್ದು ಟಿವಿಯಲ್ಲಿ ಮದ್ದಳೆ ಬಡಿದ ಹಾಗೆ ಕೇಳುತ್ತಿತ್ತು. ಈ ಸಲ ಮೂರೂ ಜಡ್ಜ್‌ಗಳು ಕೇಟಿ ಕಡೆ. ನನ್ನ ಚೀಟಿಯೂ.

ಪೋರ್ಟೊ ರಿಕೊದ ಅಮಾಂಡಾ ಸೆರಾನೊ ಜೊತೆಗಿನ ಮೊದಲ ಫೈಟ್ ಗೊತ್ತಿಲ್ಲದವರು ಇವತ್ತೇ ಹುಡುಕಿ ನೋಡಿ. 2022ರ ಏಪ್ರಿಲ್ 30. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಹಿಳೆಯರ ಬಾಕ್ಸಿಂಗ್ ಮುಖ್ಯ ಪಂದ್ಯವಾಗಿದ್ದು ಅದೇ ಮೊದಲು. ಟಿಕೆಟ್ ಹೋಗಲ್ಲ ಅಂದವರ ಎದುರಿಗೆ 19,187 ಜನ. ನಮಗಿಲ್ಲಿ ಮೇ 1ರ ಬೆಳಗ್ಗೆ, ಅಮ್ಮ ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದರು. ಐದನೇ ರೌಂಡಿನಲ್ಲಿ ಸೆರಾನೊ ಹೊಡೆತಕ್ಕೆ ಕೇಟಿಯ ಕಾಲು ತಡವರಿಸಿತು, ಮೂಗಿನಿಂದ ರಕ್ತ. “ಯಾರಾದ್ರೂ ನಿಲ್ಲಿಸ್ರೋ, ಆ ಮಗುನ ಕೊಂದೇ ಬಿಡ್ತಾರೆ” ಅಂದರು ಅಮ್ಮ. ಯಾರೂ ನಿಲ್ಲಿಸಲಿಲ್ಲ. ಹತ್ತನೇ ರೌಂಡಿನ ಕೊನೆಗೆ ಇಬ್ಬರೂ ನಿಂತಲ್ಲೇ ನಿಂತು ಬಾರಿಸಿಕೊಂಡರು. ಇಬ್ಬರು ಜಡ್ಜ್‌ಗಳು ಕೇಟಿಗೆ, ಒಬ್ಬರು ಸೆರಾನೊಗೆ. ಅಮ್ಮನ ಕಾಫಿ ಆರಿ ತಣ್ಣಗಾಗಿತ್ತು.

ಸೊನ್ನೆ ಹೋಗಿದ್ದು ಸ್ವಂತ ದೇಶದಲ್ಲಿ. ಪ್ರೊಫೆಷನಲ್ ಆಗಿ ಆರೂವರೆ ವರ್ಷ ಆದರೂ ಐರ್ಲೆಂಡಿನಲ್ಲಿ ಒಂದೂ ಫೈಟ್ ಆಗಿರಲಿಲ್ಲ. 2023ರ ಮೇ 20ಕ್ಕೆ ಡಬ್ಲಿನ್‌ನಲ್ಲಿ ತಾರೀಕು ಸಿಕ್ಕಿತು. ಎದುರಾಳಿ ಆಗಬೇಕಿದ್ದ ಸೆರಾನೊ ಗಾಯದಿಂದ ಹಿಂದೆ ಸರಿದಾಗ ಯಾರನ್ನಾದರೂ ಹಗುರದವರನ್ನು ಕರೆದು, ಊರ ಜನರ ಮುಂದೆ ಗೆದ್ದು, ಹಾರ ಹಾಕಿಸಿಕೊಳ್ಳಬಹುದಿತ್ತು. ಈಕೆ ಕರೆದದ್ದು ತನಗಿಂತ ಮೇಲಿನ ತೂಕದ ಚಾಂಪಿಯನ್, ಸೋಲೇ ಕಾಣದ ಶಾಂಟೆಲ್ ಕ್ಯಾಮರನ್‌ಳನ್ನು. ಸೋತಳು. ನ್ಯಾಯವಾಗಿಯೇ ಸೋತಳು. ನನಗೆ ಸಿಟ್ಟು ಬಂದಿತ್ತು, ಇಷ್ಟು ಮೊಂಡು ಯಾಕೆ ಅಂತ.

ಆಗಲೂ ಅವಳ ತೂಕದ ನಾಲ್ಕು ಬೆಲ್ಟ್ ಅವಳ ಹತ್ತಿರವೇ ಇದ್ದವು. ವಾಪಸ್ ಹೋಗಿ ಆರಾಮಾಗಿ ಇರಬಹುದಿತ್ತು. ರಿಂಗಿನಲ್ಲೇ ಮೈಕ್ ಹಿಡಿದು ಮರುಪಂದ್ಯ ಕೇಳಿದಳು. ನವೆಂಬರ್‌ನಲ್ಲಿ ಅದೇ ಡಬ್ಲಿನ್, ಅದೇ ಕ್ಯಾಮರನ್. ಮೊದಲ ರೌಂಡಿನಲ್ಲೇ ಕೆಳಗೆ ಬಿದ್ದಳು. ರೆಫರಿ ಅದನ್ನು ನಾಕ್‌ಡೌನ್, ಅಂದರೆ ಹೊಡೆತಕ್ಕೆ ಬಿದ್ದದ್ದು, ಅಂತ ಎಣಿಸಲಿಲ್ಲ. ಅದೂ ಚರ್ಚೆಯ ವಿಷಯವೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಉಳಿದ ಒಂಬತ್ತು ರೌಂಡು ಆಡಿದ ರೀತಿ ಇದೆಯಲ್ಲ, 37ರ ವಯಸ್ಸಲ್ಲಿ! ಗೆದ್ದಳು. ಎರಡು ತೂಕಗಳಲ್ಲಿ ನಾಲ್ಕೂ ಬೆಲ್ಟ್.

ಇಷ್ಟಾದರೂ ಈಕೆಗೆ ಜಡ್ಜ್‌ಗಳ ದಯೆ ಜಾಸ್ತಿ ಅನ್ನುವವರಿದ್ದಾರೆ. 2024ರ ನವೆಂಬರ್‌ನಲ್ಲಿ ಟೆಕ್ಸಾಸ್‌ನಲ್ಲಿ ಸೆರಾನೊ ಜೊತೆ ಎರಡನೇ ಫೈಟ್, ಮೂರೂ ಜಡ್ಜ್‌ಗಳು 95-94. ಸೆರಾನೊ ಕಣ್ಣಿನ ಮೇಲೆ ದೊಡ್ಡ ಗಾಯ, ತಲೆ ತಾಗಿಸಿದ್ದಕ್ಕೆ ರೆಫರಿ ಕೇಟಿಯ ಒಂದು ಪಾಯಿಂಟ್ ಕಳೆದರು. ಆ ರಾತ್ರಿ ಸೆರಾನೊ ಗೆದ್ದಳು ಅಂತ ಯಾರಾದರೂ ವಾದ ಮಾಡಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ದಯೆಯನ್ನೇ ನಂಬಿಕೊಂಡವರು ಅದೇ ಎದುರಾಳಿಯ ಮುಂದೆ ಮೂರನೇ ಸಲ ಹೋಗಿ ನಿಲ್ಲುತ್ತಾರಾ?

2025ರ ಜುಲೈ 11ರಂದು ನಿಂತಳು. ಮತ್ತೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಈ ಸಲ ಹೊಡೆದಾಟಕ್ಕೆ ಇಳಿಯದೆ, ಹಳೇ ಅಮೆಚೂರ್ ಕೇಟಿ ಹಾಗೆ, ಹೊಡಿ ಮತ್ತು ಸರಿ. ಬಹಳ ಜನರಿಗೆ ಬೋರ್ ಹೊಡೆಯಿತಂತೆ. ನಾನು ಮಾತ್ರ ಪೂರ್ತಿ ಖುಷಿಯಲ್ಲಿದ್ದೆ, ಚೀಟಿಯಲ್ಲಿ ಅಂಕ ಬರೆಯುವುದೇ ಮರೆತು ಹೋಗಿತ್ತು. ಇಬ್ಬರು ಜಡ್ಜ್ ಕೇಟಿಗೆ 97-93, ಒಬ್ಬರು ಸಮ.

ಶನಿವಾರ ಬೆಳಗ್ಗೆ ಅಮ್ಮ ಮತ್ತೆ ಹಿಂದೆ ಬಂದು ನಿಂತರು.

“ಅದೇ ಹುಡುಗಿ ಅಲ್ವಾ? ಇನ್ನೂ ಆಡ್ತಿದಾಳಾ?”

“ಹೂಂ ಅಮ್ಮ. 39 ಆಯ್ತು.”

“ಎದುರಿಗಿರೋಳು?”

“ಅವತ್ತಿನವಳೇ.”

ಅಮ್ಮ ಸ್ವಲ್ಪ ಹೊತ್ತು ನೋಡಿದರು. “ಅವಳನ್ನ ಕಂಡ್ರೆ ಇವಳಿಗೆ ಭಯ ಇಲ್ವೇನೋ” ಅಂತ ಹೇಳಿ, ಲೋಟ ಕೆಳಗಿಟ್ಟು, ನನ್ನ ಪಕ್ಕ ಕೂತರು.