ಹಸಿರು ದಾರಿ ಸುಲಭವಂತೆ

ಸ್ಕೀ ಬೂಟು ಹಾಕಿಕೊಂಡು ನಡೆಯೋದು ಹೇಗಿರುತ್ತೆ ಗೊತ್ತಾ? ಎರಡು ಕಾಲಿಗೂ ಒಂದೊಂದು ಕುಕ್ಕರ್ ಕಟ್ಟಿಕೊಂಡು ಮೆಟ್ಟಿಲು ಇಳಿದ ಹಾಗೆ. ಕಣಕಾಲು ಬಗ್ಗುವುದಿಲ್ಲ. ಹೆಗಲ ಮೇಲೆ ಎರಡು ಉದ್ದನೆಯ ಹಲಗೆ, ಕೈಯಲ್ಲಿ ಎರಡು ಕೋಲು. ತಿರುಗಿದರೆ ಪಕ್ಕದವರ ತಲೆಗೆ ಏಟು.

ನಾವಿರುವ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಿಂದ, ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಆಟದ ಊರು ಪಾರ್ಕ್ ಸಿಟಿ ಕಾರಿನಲ್ಲಿ ಮುಕ್ಕಾಲು ಗಂಟೆ. ಎರಡು ಚಳಿಗಾಲ ಬೆನ್ನುನೋವಿನ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಮೂರನೆಯ ವರ್ಷ ಎಂಟು ವರ್ಷದ ಮಗಳೇ "ಅಮ್ಮ ಹೆದರ್ಕೊಂಡಿದ್ದಾಳೆ" ಅಂದುಬಿಟ್ಟಳು. ಹೋಗಲೇಬೇಕಾಯಿತು.

ಪಾರ್ಕ್ ಸಿಟಿ ಬೆಳ್ಳಿ ಗಣಿಯಿಂದ ಬೆಳೆದ ಊರು. ಬೆಳ್ಳಿಯ ಬೆಲೆ ಬಿದ್ದು ಊರು ಖಾಲಿಯಾಗುತ್ತಾ ಬಂದಾಗ, 1963ರಲ್ಲಿ ಗಣಿ ಕಂಪನಿಯವರೇ ಬೆಟ್ಟದ ಮೇಲೆ ಸ್ಕೀ ಶುರು ಮಾಡಿದರು. ಒಳಗಿನ ಬೆಳ್ಳಿ ಹೋದರೆ ಹೋಗಲಿ, ಮೇಲೆ ಬಿದ್ದಿರುವ ಬಿಳಿಯನ್ನೇ ಮಾರೋಣ ಅಂತ. ಇಲ್ಲಿ ಬೆಟ್ಟದ ಬುಡವೇ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ. ಕಾರು ನಿಲ್ಲಿಸುವಷ್ಟರಲ್ಲೇ ನನಗೆ ಏದುಸಿರು.

ಬೆಳಗ್ಗೆ ಹೊಸಬರ ಇಳಿಜಾರಿನಲ್ಲಿ ಪಾಠ. ಸ್ಕೀಗಳ ಮುಂದಿನ ತುದಿ ಕೂಡಿಸಿ ಹಿಂದೆ ಅಗಲಿಸಿದರೆ ವೇಗ ತಗ್ಗುತ್ತದೆ. ಮಕ್ಕಳಿಗೆ ಇದನ್ನು 'ಪಿಜ್ಜಾ' ಅಂತ ಹೇಳಿಕೊಡುತ್ತಾರೆ. ಎರಡನ್ನೂ ನೆಟ್ಟಗೆ ಇಟ್ಟರೆ 'ಫ್ರೆಂಚ್ ಫ್ರೈಸ್'. ನಿಜ ಹೇಳಬೇಕೆಂದರೆ ಊಟದ ತನಕ ನಾನು ಪರವಾಗಿರಲಿಲ್ಲ. ಬಿದ್ದಿದ್ದು ಐದೇ ಸಲ. ನಮ್ಮನೆಯವರದ್ದು ಸ್ನೋಬೋರ್ಡು, ಎರಡೂ ಕಾಲು ಒಂದೇ ಹಲಗೆಗೆ. ಅವರು ಬಿದ್ದ ಲೆಕ್ಕ ಇಡೋದನ್ನು ಹತ್ತು ಗಂಟೆಗೇ ಬಿಟ್ಟೆ. "ಪಕ್ಕದ ಡಿಯರ್ ವ್ಯಾಲಿಗೆ ಹೋಗೋಣ ಬನ್ನಿ, ಅಲ್ಲಿ ಸ್ನೋಬೋರ್ಡ್ ಒಳಗೇ ಬಿಡಲ್ಲ" ಅಂದೆ. ಅದು ನಿಜವೇ, ಅಲ್ಲಿ ಸ್ಕೀ ಮಾತ್ರ. ಅವರಿಗೆ ನಗು ಬರಲಿಲ್ಲ.

ಊಟಕ್ಕೆ ಕೂತಾಗ ಬೂಟು ಬಿಚ್ಚಿ ಕಾಲಿಗೆ ಗಾಳಿ ಆಡಿಸಿದೆ. ಆಹಾ, ಸ್ವರ್ಗ. ಆಮೇಲೆ ಮತ್ತೆ ತುರುಕಿಕೊಂಡು ಹೊರಟೆವು. "ಮೇಲೆ ಹೋಗೋಣ. 'ಹೋಮ್ ರನ್' ಅಂತಿದೆ, ಹಸಿರು ಗುರುತು, ಸುಲಭದ ದಾರಿ" ಅಂದರು ಇವರು. ಹಸಿರು ಅಂದರೆ ಸುಲಭ, ನೀಲಿ ಅಂದರೆ ಮಧ್ಯಮ, ಕಪ್ಪು ಅಂದರೆ ವಿಮೆ ಇದೆಯಾ ನೋಡಿಕೊಳ್ಳಿ ಅಂತ. ಅದು ಮೂರು ಮೈಲಿಗೂ ಜಾಸ್ತಿ ಉದ್ದ ಅನ್ನೋದನ್ನು ಮಾತ್ರ ಹೇಳಲಿಲ್ಲ.

ಮೇಲಕ್ಕೆ ತಂತಿಯಲ್ಲಿ ನೇತಾಡುತ್ತಾ ಸಾಗುವ ಕುರ್ಚಿ ಲಿಫ್ಟಿನಲ್ಲಿ ಹೋಗಬೇಕು. ಒಂದರ ಹೆಸರು 'ಪೇಡೇ', ಇನ್ನೊಂದು 'ಬೊನಾಂಜಾ'. ಸಂಬಳದ ದಿನವನ್ನೂ ಬಂಪರ್ ಗಣಿಯನ್ನೂ ಊರು ಮರೆತಿಲ್ಲ. 1960ರ ದಶಕದಲ್ಲಿ ಜನರನ್ನು ಗಣಿಯ ರೈಲಿನಲ್ಲೇ ಸುಮಾರು 3 ಮೈಲಿ ಸುರಂಗದೊಳಗೆ ಕರೆದುಕೊಂಡು ಹೋಗಿ, ಗಣಿಯ ಲಿಫ್ಟಿನಲ್ಲಿ 1,700 ಅಡಿಗೂ ಜಾಸ್ತಿ ಮೇಲೆತ್ತಿ ಬೆಟ್ಟದ ಮೇಲೆ ಬಿಡುತ್ತಿದ್ದರಂತೆ. ಕುರ್ಚಿಯಲ್ಲಿ ನೇತಾಡುತ್ತಾ ಕೆಳಗೆ ನೋಡಿದ ನನಗೆ ಅದೇ ವಾಸಿ ಅನಿಸಿತು. ಕತ್ತಲಲ್ಲಿ ಆಳ ಕಾಣೋದಿಲ್ಲವಲ್ಲ.

ಕುರ್ಚಿಯಿಂದ ಇಳಿಯುವಾಗ ಎದ್ದು ನಿಂತು ಸುಮ್ನೆ ಜಾರಬೇಕು. ನಾನು ಎದ್ದೆ, ಹೆದರಿದೆ, ಇವರ ಜಾಕೆಟ್ ಹಿಡಿದೆ. ಲಿಫ್ಟ್ ಹತ್ತಲು ಒಂದು ಕಾಲು ಬಿಚ್ಚಿಕೊಂಡಿದ್ದರಿಂದ ಇವರ ಇನ್ನೊಂದು ಕಾಲು ಮಾತ್ರ ಹಲಗೆಗೆ ಕಟ್ಟಿತ್ತು. ಇಬ್ಬರೂ ಒಟ್ಟಿಗೆ ಉರುಳಿದೆವು. ಲಿಫ್ಟೇ ನಿಂತಿತು. ಹಿಂದಿನ ಕುರ್ಚಿಯವರೆಲ್ಲ ಗಾಳಿಯಲ್ಲಿ ತೂಗಾಡುತ್ತಾ ನಮ್ಮನ್ನೇ ನೋಡುತ್ತಿದ್ದರು. ಮದುವೆ ಮಂಟಪದಲ್ಲೂ ಅಷ್ಟು ಜನ ನಮ್ಮನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ಆಮೇಲೆ ಶುರುವಾಯಿತು. ಎಡಕ್ಕೆ ಹೊರಟರೆ ಬಲಕ್ಕೆ ಹೋಗುತ್ತೇನೆ. ಕಾಲಿನ ಹೊರ ಅಂಚು ಉರಿಯುತ್ತಿದೆ. "ಅಮ್ಮಾ, ಪಿಜ್ಜಾ ಮಾಡು!" ಅಂತ ಮಗಳು ಕೂಗಿದಳು. ನನ್ನದು ಪಿಜ್ಜಾನೂ ಆಗಲಿಲ್ಲ, ಫ್ರೈಸೂ ಆಗಲಿಲ್ಲ, ಪೂರ್ತಿ ಚಿತ್ರಾನ್ನ. ಕೋಲೂ ಇಲ್ಲದ ನಾಲ್ಕು ವರ್ಷದ ಮಕ್ಕಳು ಬಾತುಕೋಳಿ ಮರಿಗಳ ಹಾಗೆ ಸಾಲಾಗಿ ನನ್ನನ್ನು ದಾಟಿ ಹೋದವು. ಒಂದು ಮಗು ತಿರುಗಿ ಟಾಟಾ ಮಾಡಿತು.

ಸಮತಟ್ಟು ಬಂದಾಗ ಮಾತ್ರ ನನ್ನ ಕೈ ಮೇಲಾಯಿತು. ಸ್ನೋಬೋರ್ಡಿನವರಿಗೆ ಕೋಲಿಲ್ಲ, ನಿಂತರೆ ನಿಂತಂತೆ. ಇವರು ಗೋಣಿಚೀಲದ ಓಟದಲ್ಲಿ ಕುಪ್ಪಳಿಸಿದ ಹಾಗೆ ಕುಪ್ಪಳಿಸಿದರು. ಕೊನೆಗೆ ನನ್ನ ಕೋಲಿನ ತುದಿ ಹಿಡಿದರು, ನಾನು ಎಳೆದೆ. ಕೆಳಗೆ ತಲುಪಲು ಎರಡು ಗಂಟೆ ಹಿಡಿಯಿತು.

ದಾರಿಯಲ್ಲಿ ಒಂದು ಕಡೆ ಸ್ಕೀ ಬಿಚ್ಚಿಟ್ಟು, ಹಿಮದ ಮೇಲೆ ಕಾಲು ಚಾಚಿ ಕೂತು, ನಗುತ್ತಾ ಫೋಟೋ ತೆಗೆಸಿಕೊಂಡಿದ್ದೆ. ರಾತ್ರಿ ಶಿವಮೊಗ್ಗಕ್ಕೆ ಕಳಿಸಿದೆ. ಬೆಟ್ಟ, ಹಿಮ, ಪೈನ್ ಮರ, ನನ್ನ ಧೈರ್ಯ, ಇವುಗಳ ಬಗ್ಗೆ ಅಮ್ಮ ಏನಾದರೂ ಹೇಳಬಹುದು ಅಂತ ಕಾದೆ.

ಹತ್ತು ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು.

"ಚೆನ್ನಾಗಿದೆ ಕಣೇ. ಆದ್ರೆ ಆ ಬೂಟು ಯಾಕೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕ್ಕೊಂಡಿದೀಯ?"