ವಿಚರ್ 4: ಗೆಲ್ಲಿಸಬೇಕಾದ್ದು ತಯಾರಿಯೋ, ಕೈಚಳಕವೋ?

ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ ವಿಚರ್ 4 ಗೇಮ್‌ನ ಮೊದಲ ಟ್ರೇಲರ್ ಬಿಟ್ಟಿದ್ದು 2024ರ ಡಿಸೆಂಬರ್‌ನಲ್ಲಿ. 2027ಕ್ಕಿಂತ ಮೊದಲು ಗೇಮ್ ಕೈಗೆ ಸಿಗುವುದಿಲ್ಲ. ಈ ಸಲ ಹಿಂದಿನ ಮೂರು ಗೇಮ್‌ಗಳ ನಾಯಕ ಗೆರಾಲ್ಟ್ ಹಿಂದೆ ಸರಿದಿದ್ದಾನೆ, ಅವನ ಸಾಕುಮಗಳು ಸಿರಿ ನಾಯಕಿ. ಕಾದಾಟ ಹೇಗಿರಬೇಕು ಅನ್ನುವ ಚರ್ಚೆ ಮಾತ್ರ ಈಗಲೇ ಜೋರಾಗಿದೆ. ರಾಕ್ಷಸನ ಎದುರು ನಿಲ್ಲುವ ಮೊದಲು ಓದಿ, ಕತ್ತಿಗೆ ಎಣ್ಣೆ ಹಚ್ಚಿ, ಮದ್ದು ಕುಡಿದು ತಯಾರಾಗುವುದನ್ನು ಗೇಮ್ ಕಡ್ಡಾಯ ಮಾಡಬೇಕಾ? ತೀರ್ಥಹಳ್ಳಿ ಕಡೆಯವರೊಬ್ಬರು ಹೌದು ಅನ್ನುತ್ತಾರೆ. ಶಿವಮೊಗ್ಗ ಪೇಟೆಯವರೊಬ್ಬರು ಬೇಡ ಅನ್ನುತ್ತಾರೆ.

ಪರ: ತಯಾರಿ ಇಲ್ಲದೆ ಹೋದವರು ಸೋಲಬೇಕು

ವಿಚರ್ ಅಂದರೆ ರಾಜನ ಸೈನಿಕ ಅಲ್ಲ. ದುಡ್ಡು ತಗೊಂಡು ರಾಕ್ಷಸರನ್ನು ಕೊಲ್ಲುವ ಕಸುಬುದಾರ. ಊರಿನವರು ಕರೆಸುತ್ತಾರೆ, ರೇಟು ಮಾತಾಡುತ್ತಾರೆ. ಆಮೇಲೆ ಹೆಜ್ಜೆ, ರಕ್ತ, ಉಗುರಿನ ಗೀರು ನೋಡಿ ಇದು ಯಾವ ಪ್ರಾಣಿಯ ಕೆಲಸ ಅಂತ ಪತ್ತೆ ಮಾಡಬೇಕು. ಕತ್ತಿ ಹೊರಗೆ ಬರುವುದು ಕೊನೆಗೆ. ಈ ಕಸುಬು ಕಥೆಯಲ್ಲಿ ಮಾತ್ರ ಇದ್ದು, ಕಾದಾಟಕ್ಕೆ ಬಂದಾಗ ಮಾಯವಾದರೆ ಅದು ಬೇರೆ ಯಾವುದೋ ಕತ್ತಿ ಗೇಮ್ ಆಗುತ್ತದೆ ಅಷ್ಟೇ.

2015ರಲ್ಲಿ ಬಂದ ವಿಚರ್ 3ರ ಶುರುವನ್ನೇ ನೋಡಿ. ವೈಟ್ ಆರ್ಚರ್ಡ್ ಹಳ್ಳಿಯ ಸುತ್ತ ಒಂದು ಗ್ರಿಫಿನ್, ಅಂದರೆ ರೆಕ್ಕೆ ಇರುವ ರಾಕ್ಷಸ ಪ್ರಾಣಿ, ಜನರನ್ನು ಕೊಲ್ಲುತ್ತಿರುತ್ತದೆ. ಗೆರಾಲ್ಟ್ ಒಬ್ಬ ಬೇಟೆಗಾರನನ್ನು ಹಿಡಿದುಕೊಂಡು ಕಾಡಿಗೆ ಹೋಗುತ್ತಾನೆ. ಸೈನಿಕರು ಗೂಡು ಸುಟ್ಟಿದ್ದು, ಹೆಣ್ಣು ಗ್ರಿಫಿನ್ ಸತ್ತಿದ್ದು ಅಲ್ಲಿ ಗೊತ್ತಾಗುತ್ತದೆ. ಗಂಡು ಸೇಡು ತೀರಿಸಿಕೊಳ್ಳುತ್ತಿದೆ. ಅದನ್ನು ಕರೆಸಲು ನದಿಯ ತಳಕ್ಕೆ ಮುಳುಗಿ, ಕೆಟ್ಟ ವಾಸನೆಯ ಒಂದು ಗಿಡ ಕಿತ್ತು ತರಬೇಕು. ಬೆಸ್ಟಿಯರಿ, ಅಂದರೆ ರಾಕ್ಷಸರ ಬಗ್ಗೆ ಬರೆದಿಟ್ಟ ಪುಸ್ತಕ, ಬಿಡಿಸಿದರೆ ಇದಕ್ಕೆ ಹೈಬ್ರಿಡ್ ಎಣ್ಣೆ, ಗ್ರೇಪ್‌ಶಾಟ್ ಬಾಂಬ್, ಆರ್ಡ್ ಮಂತ್ರ ನಾಟುತ್ತದೆ ಅಂತ ಇದೆ. ಎಷ್ಟು ಚೆನ್ನಾಗಿ ಕಟ್ಟಿದ್ದಾರೆ ನೋಡಿ. ಆದರೆ ಗ್ರಿಫಿನ್ ಇಳಿದು ಬಂದ ಮೇಲೆ, ಸುಲಭದ ಲೆವೆಲ್‌ನಲ್ಲಿ, ಇದ್ಯಾವುದೂ ಇಲ್ಲದೆ ಉರುಳಿ ಉರುಳಿ ಹೊಡೆದರೂ ಅದು ಸಾಯುತ್ತದೆ. ಅಷ್ಟೆಲ್ಲಾ ಓಡಾಡಿದ್ದು ಸುಮ್ನೆ ಆಯ್ತು ಅನ್ನಿಸುವುದಿಲ್ವಾ? ಅತಿ ಕಷ್ಟದ ‘ಡೆತ್ ಮಾರ್ಚ್’ ಲೆವೆಲ್‌ಗೆ ಹೋದರೆ ಮಾತ್ರ ಎಣ್ಣೆಯ ಬೆಲೆ ಗೊತ್ತಾಗುತ್ತದೆ.

ಅದೇ ಗೇಮ್‌ನಲ್ಲಿ ಸರಿಯಾದ ದಾರಿಯೂ ಇದೆ. ನಡು ಮಧ್ಯಾಹ್ನ, ಒಂದು ಬಾವಿಯ ಹತ್ತಿರ ಕಾಣಿಸಿಕೊಳ್ಳುವ ಹೆಣ್ಣು ದೆವ್ವ, ನೂನ್‌ರೇತ್. ಅದಕ್ಕೆ ಮೈಯೇ ಇಲ್ಲ. ಕತ್ತಿ ಬೀಸಿದರೆ ಏಟು ಸರಿಯಾಗಿ ತಾಗುವುದಿಲ್ಲ. ನೆಲದ ಮೇಲೆ ಯರ್ಡೆನ್ ಮಂತ್ರದ ವೃತ್ತ ಹಾಕಿ, ಅದು ಒಳಗೆ ಕಾಲಿಡುವ ತನಕ ಕಾಯಬೇಕು. ಒಳಗೆ ಬಂದಾಗ ಮೈ ಗಟ್ಟಿಯಾಗುತ್ತದೆ, ಆಗ ಹೊಡೆಯಬೇಕು. ಇಲ್ಲಿ ಗೊತ್ತಿರುವುದಕ್ಕೂ ಗೊತ್ತಿಲ್ಲದಿರುವುದಕ್ಕೂ ಸಾವು ಬದುಕಿನ ವ್ಯತ್ಯಾಸ. ವಿಚರ್ 4ರ ಪ್ರತಿಯೊಂದು ದೊಡ್ಡ ಬೇಟೆಯೂ ಹೀಗಿರಲಿ ಅಂತ ನನ್ನ ಆಸೆ.

ಅಡಿಕೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈಲುತುತ್ತ, ಸುಣ್ಣ ಕಲಸಿ ಮಳೆ ಹಿಡಿಯುವ ಮೊದಲೇ ಗೊನೆಗೆ ಹೊಡೆದಿರಬೇಕು. ಕೊಳೆ ಶುರುವಾಗಿ ಕಾಯಿ ಉದುರುವಾಗ ಹೊಡೆದರೆ ಉದುರಿದ್ದು ವಾಪಸ್ ಬರುವುದಿಲ್ಲ. ಗೆಲುವಿನ ಮುಕ್ಕಾಲು ಪಾಲು ಮುಂಚೆಯೇ ತೀರ್ಮಾನ ಆಗಿರುತ್ತದೆ. ಗೇಮ್‌ನಲ್ಲೂ ಆ ಮುಕ್ಕಾಲು ಪಾಲಿಗೆ ಬೆಲೆ ಕೊಡಿ ಅಂತ ಕೇಳುತ್ತಿದ್ದೇನೆ.

ಇನ್ನೊಂದು ಕಾರಣ ನಮ್ಮ ಮಲೆನಾಡಿನದ್ದೇ. ಇಲ್ಲಿ ಜಾಸ್ತಿ ಹುಡುಗರು ಆಡುವುದು ಕಾಲೇಜಿಗೆ ಅಂತ ಮನೆಯವರು ಕೊಡಿಸಿದ ಲ್ಯಾಪ್‌ಟಾಪ್‌ನಲ್ಲಿ. ದೊಡ್ಡ ಗೇಮ್ ಹಾಕಿದರೆ ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಚಿತ್ರ, ಬಂದರೆ ಪುಣ್ಯ. ಆಗುಂಬೆ ಸುತ್ತಮುತ್ತ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗುವುದಿಲ್ಲ. ಕರೆಂಟ್ ಹೋದ ತಕ್ಷಣ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದು ಗ್ರಾಫಿಕ್ಸ್ ಕಾರ್ಡ್‌ನ ಶಕ್ತಿ ಇಳಿಯುತ್ತದೆ, ಬಾಸ್, ಅಂದರೆ ದೊಡ್ಡ ಶತ್ರು, ಕತ್ತಿ ಎತ್ತಿದ್ದು ಕಾಣುವಷ್ಟರಲ್ಲಿ ಏಟು ಬಿದ್ದಿರುತ್ತದೆ. ವಿಚರ್ 4 ತಯಾರಾಗುತ್ತಿರುವುದು ಅನ್ರಿಯಲ್ ಎಂಜಿನ್ 5 ಅನ್ನುವ ಗೇಮ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ. 2025ರ ಜೂನ್‌ನಲ್ಲಿ ತೋರಿಸಿದ ತಾಂತ್ರಿಕ ಡೆಮೊ ಪ್ಲೇಸ್ಟೇಷನ್ 5ರಲ್ಲಿ 60 ಫ್ರೇಮ್‌ನಲ್ಲಿ ಓಡಿತು. ಸಂತೋಷ. ಆದರೆ ಆ ಯಂತ್ರ ಎಷ್ಟು ಮನೆಗಳಲ್ಲಿದೆ? ಕಾದಾಟ ಪೂರ್ತಿ ಬೆರಳಿನ ವೇಗದ ಮೇಲೆ ನಿಂತರೆ ಒಳ್ಳೆಯ ಯಂತ್ರ ಇದ್ದವರು ಗೆಲ್ಲುತ್ತಾರೆ. ತಯಾರಿಯ ಮೇಲೆ ನಿಂತರೆ ತಲೆ ಓಡಿಸಿದವರು ಗೆಲ್ಲುತ್ತಾರೆ.

ಸಿರಿಗೆ ಇದೆಲ್ಲಾ ಹೊಂದುವುದಿಲ್ಲ ಅನ್ನುವವರಿದ್ದಾರೆ. ವಿಚರ್ 3ರಲ್ಲಿ ಸಿರಿಯಾಗಿ ಆಡುವಾಗ, ತೋಳಮಾನವನ ಎದುರು ಹೋಗುವ ಮೊದಲು ಕತ್ತಿಯ ಎಣ್ಣೆಗೆ ಬೇಕಾದ ಸಾಮಾನನ್ನು ಕಾಡಿನಲ್ಲಿ ಹುಡುಕುವ ಭಾಗ ಇದೆ, ನೆನಪಿಸಿಕೊಳ್ಳಿ. ಹೊಸ ಟ್ರೇಲರ್‌ನಲ್ಲೂ ಅವಳು ಮದ್ದು ಕುಡಿದೇ ಕಾದಾಟಕ್ಕೆ ಇಳಿಯುತ್ತಾಳೆ.

ವಿರೋಧ: ಮೆನು ತೆರೆಯುವುದು ತಯಾರಿ ಅಲ್ಲ

ಪತ್ತೆದಾರಿ, ಕಾಡು, ಹೆಜ್ಜೆ ಗುರುತು ಎಲ್ಲ ನನಗೂ ಇಷ್ಟ. ಆದರೆ ಅದರ ಕೊನೆಗೆ ಏನಾಗುತ್ತದೆ ನೋಡಿ. ಬೆಸ್ಟಿಯರಿ ತೆರೆಯುತ್ತೀರಿ. ದೆವ್ವ ಅಂತ ಇದೆ, ದೆವ್ವದ ಎಣ್ಣೆ ಹಚ್ಚು ಅಂತ ಇದೆ. ಹಚ್ಚುತ್ತೀರಿ. ವಿಚರ್ 3ರಲ್ಲಿ ಒಂದು ಸಲ ಮಾಡಿಟ್ಟುಕೊಂಡ ಎಣ್ಣೆ ಖಾಲಿಯಾಗುವುದೂ ಇಲ್ಲ. ಇದರಲ್ಲಿ ತಲೆ ಓಡಿಸಿದ್ದು ಎಲ್ಲಿ? ಉತ್ತರ ಪಕ್ಕದ ಪುಟದಲ್ಲೇ ಬರೆದಿರುವ ಪ್ರಶ್ನೆ ಅದು. ಅದನ್ನು ಕಡ್ಡಾಯ ಮಾಡಿದರೆ ಕಾದಾಟ ಆಳವಾಗುವುದಿಲ್ಲ, ಪ್ರತಿ ಬೇಟೆಗೂ ಎರಡು ನಿಮಿಷದ ಗುಮಾಸ್ತ ಕೆಲಸ ಸೇರಿಕೊಳ್ಳುತ್ತದೆ.

ಕಂಪನಿ ಈ ದಾರಿಯನ್ನು ಒಮ್ಮೆ ತುಳಿದಿದೆ. 2011ರ ವಿಚರ್ 2ರಲ್ಲಿ ಕಾದಾಟದ ಮಧ್ಯೆ ಮದ್ದು ಕುಡಿಯುವ ಹಾಗೇ ಇರಲಿಲ್ಲ. ಮೊದಲೇ ಕೂತು ಧ್ಯಾನ ಮಾಡಿ ಕುಡಿದಿರಬೇಕು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಮುಂದಿನ ಬಾಗಿಲ ಹಿಂದೆ ಯಾರಿದ್ದಾರೆ ಅಂತ ಆಡುವವರಿಗೆ ಗೊತ್ತಿರುವುದಿಲ್ಲ. ಒಳಗೆ ಹೋಗುತ್ತೀರಿ, ಸಾಯುತ್ತೀರಿ, ಹಳೇ ಸೇವ್ ತೆರೆದು ಮದ್ದು ಕುಡಿದು ಮತ್ತೆ ಹೋಗುತ್ತೀರಿ. ಸತ್ತು ಬಂದು ತಿಳಿದುಕೊಂಡಿದ್ದನ್ನು ತಯಾರಿ ಅನ್ನೋಕಾಗುತ್ತಾ? ವಿಚರ್ 3ರಲ್ಲಿ ಕಂಪನಿಯೇ ಆ ನಿಯಮ ಬಿಟ್ಟಿತು. 2022ರ ಡಿಸೆಂಬರ್ ಅಪ್‌ಡೇಟ್‌ನಲ್ಲಿ ಮಂತ್ರ ಬದಲಿಸಲು ಚಕ್ರದ ಮೆನು ತೆರೆಯುವ ಅಗತ್ಯವನ್ನೂ ತಪ್ಪಿಸಿತು. 5 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾದದ್ದು ಈ ಹಗುರಾದ ಗೇಮ್.

ಲ್ಯಾಪ್‌ಟಾಪ್‌ನ ಮಾತು ನಿಜ, ಒಪ್ಪುತ್ತೇನೆ. ಆದರೆ ಅದಕ್ಕೆ ಪರಿಹಾರ, ಕಡಿಮೆ ಗ್ರಾಫಿಕ್ಸ್‌ನಲ್ಲೂ ಸರಾಗವಾಗಿ ಓಡುವ ಗೇಮ್. ಎಣ್ಣೆ ಹಚ್ಚಿದ ಕೂಡಲೇ ಫ್ರೇಮ್ ಏರುವುದಿಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಭಾಷೆ. ವಿಚರ್ 3ರ ಬರಹ ಪೋಲಿಷ್, ಅರೇಬಿಕ್, ಕೊರಿಯನ್, ಜಪಾನೀಸ್ ಭಾಷೆಗಳಲ್ಲಿ ಸಿಗುತ್ತದೆ. ಭಾರತದ ಒಂದು ಭಾಷೆಯೂ ಅದರಲ್ಲಿಲ್ಲ. ಬೆಸ್ಟಿಯರಿಯ ಪುಟ ನೋಡಿದ್ದೀರಲ್ಲ? ಹಳೇ ಕಾಲದ ಇಂಗ್ಲಿಷ್‌ನಲ್ಲಿ, ಗಾದೆ, ಹಾಡು ಸೇರಿಸಿ ಬರೆದ ಉದ್ದುದ್ದ ಪ್ಯಾರಾಗಳು. ಭದ್ರಾವತಿಯಿಂದಲೋ ಹೊಸನಗರದಿಂದಲೋ ಕನ್ನಡ ಶಾಲೆಯಲ್ಲಿ ಓದಿ ಶಿವಮೊಗ್ಗದ ಕಾಲೇಜಿಗೆ ಬಂದ ಹುಡುಗ, ಹುಡುಗಿಗೆ ಅದು ಗೋಡೆ. ಗೆಲ್ಲುವ ದಾರಿಯನ್ನು ಆ ಗೋಡೆಯ ಆಚೆ ಇಟ್ಟು ‘ಓದದೆ ಬಂದವರು ಸೋಲಲಿ’ ಅಂದರೆ, ಸೋಲುವವರು ಸೋಮಾರಿಗಳಲ್ಲ. ನಮ್ಮ ಮಕ್ಕಳೇ.

ರಾಕ್ಷಸನ ಮೈಯನ್ನೇ ಓದಿಸುವ ಕಾದಾಟಕ್ಕೆ ಈ ತೊಂದರೆ ಇಲ್ಲ. 2022ರ ಎಲ್ಡೆನ್ ರಿಂಗ್ ಗೇಮ್‌ನಲ್ಲಿ ಬರುವ ದೊಡ್ಡ ಶತ್ರು ಮಾರ್ಗಿಟ್‌ನನ್ನು ತಗೊಳ್ಳಿ. ಕೋಲು ಎತ್ತುತ್ತಾನೆ. ಏಟು ಬಂತು ಅಂತ ನೀವು ಉರುಳುತ್ತೀರಿ. ಅವನು ಕೋಲನ್ನು ಮೇಲೇ ಹಿಡಿದು ನಿಂತಿರುತ್ತಾನೆ. ನೀವು ಉರುಳಿ ಎದ್ದು ನಿಂತ ಕ್ಷಣಕ್ಕೆ ಸರಿಯಾಗಿ ಇಳಿಸುತ್ತಾನೆ. ಮುಂದಿನ ಸಲ ಕೋಲು ಬಿಟ್ಟು ಅವನ ಭುಜ ನೋಡುವುದು ಕಲಿಯುತ್ತೀರಿ. ಒಂದಕ್ಷರ ಓದಬೇಕಾಗಿಲ್ಲ. ಪಕ್ಕದಲ್ಲಿ ಕೂತು ನೋಡುವ ತಮ್ಮನಿಗೂ ಅದು ಅರ್ಥವಾಗುತ್ತದೆ, ‘ಈಗ ಬೇಡ, ತಡಿ’ ಅಂತ ಅವನೇ ಕೂಗುತ್ತಾನೆ. ಗಮನ, ತಾಳ್ಮೆ, ಶತ್ರುವಿನ ಪರಿಚಯ, ಪರ ವಾದಿಸುವವರು ಕೇಳುವ ಎಲ್ಲವೂ ಇದರಲ್ಲಿದೆ. ನೂನ್‌ರೇತ್‌ನ ಕಾದಾಟ ಅವರಿಗೆ ಇಷ್ಟವಾದದ್ದೂ ಇದಕ್ಕೇ. ವೃತ್ತದ ಒಳಗೆ ಮೈ ಗಟ್ಟಿಯಾಗುವುದು ಕಣ್ಣಿಗೆ ಕಾಣುತ್ತದೆ. ಅದು ಕಾದಾಟದ ಒಳಗಿನ ಕಲಿಕೆ, ಎಣ್ಣೆಯ ಬಾಟಲಿಯದ್ದಲ್ಲ.

ಇನ್ನು ಸಿರಿ. ವಿಚರ್ 3ರಲ್ಲಿ ಅವಳಾಗಿ ಆಡುವ ಭಾಗಗಳು ಚಿಕ್ಕವು, ಆದರೂ ಮರೆಯುವಂಥವಲ್ಲ. ಮಂತ್ರಗಳಿಲ್ಲ, ಇದ್ದ ಜಾಗದಿಂದ ಮಿಂಚಿ ಮಾಯವಾಗಿ ಶತ್ರುವಿನ ಬೆನ್ನ ಹಿಂದೆ ಏಳುತ್ತಾಳೆ. ಗೆರಾಲ್ಟ್‌ನ ಭಾರ ಅವಳಲ್ಲಿಲ್ಲ. ತೋಳಮಾನವನ ಎಣ್ಣೆ ಕೂಡ ಅಲ್ಲಿ ಇಷ್ಟವಿದ್ದರೆ ಮಾಡಿಕೊಳ್ಳುವಂಥದ್ದು, ಕಡ್ಡಾಯ ಅಲ್ಲ. ಅಷ್ಟು ಸಾಕು. ಎಣ್ಣೆ, ಮದ್ದು ಇಷ್ಟಪಡುವವರಿಗೆ ಇರಲಿ, ‘ಡೆತ್ ಮಾರ್ಚ್’ನಲ್ಲಿ ಬೇಕಾದರೆ ಕಡ್ಡಾಯವೇ ಆಗಲಿ. ಉಳಿದ ಕಡೆ, ಟ್ರೇಲರ್‌ನಲ್ಲಿ ಸಿರಿ ಬೀಸಿದ ಹೊಸ ಸರಪಳಿ ನಮ್ಮ ಕೈಗೆ ಬರಲಿ. ಹಾರುವ ಪ್ರಾಣಿಯನ್ನು ಅದರಲ್ಲಿ ಕೆಳಗೆಳೆದು, ಅದು ರೆಕ್ಕೆ ಕೊಡವಿ ಏಳುವಷ್ಟರಲ್ಲಿ ಎರಡು ಏಟು ಹಾಕಬೇಕು, ಮಧ್ಯೆ ಒಂದು ಮೆನುವೂ ತೆರೆಯದೆ.