ನಮ್ಮ ಇಂಜೆಕ್ಷನ್ ನಡುವೆ ನಿಲ್ಲಬಾರದು

ಟ್ರಾನ್ಸ್ ಗಂಡಸರು (ಹುಟ್ಟಿದಾಗ ಹೆಣ್ಣು ಅಂತ ಗುರುತಿಸಿದ್ದರೂ ಗಂಡಸರಾಗಿರುವವರು) ತೆಗೆದುಕೊಳ್ಳುವ ಟೆಸ್ಟೋಸ್ಟಿರಾನ್ ಅನ್ನುವ ಗಂಡು ಹಾರ್ಮೋನ್ ಬಗ್ಗೆ ಮಾತು ಬಂದಾಗಲೆಲ್ಲ ಜನ ಮೊದಲು ಕೇಳುವುದು ಗಡ್ಡದ ವಿಷಯ. ಆಮೇಲೆ ದನಿಯ ವಿಷಯ. ಕೇಳಲಿ, ನನಗೆ ಬೇಜಾರಿಲ್ಲ. ಕೊನೆಗೆ "ಇದನ್ನ ಎಷ್ಟು ದಿನ ತಗೋಬೇಕು?" ಅಂತ ಬರುತ್ತದೆ. "ಹೆಚ್ಚಿನವರಿಗೆ ಜೀವನಪೂರ್ತಿ" ಅಂದ ಕೂಡಲೇ, "ಅಯ್ಯೋ, ಅಷ್ಟೊಂದಾ? ನಡುವೆ ಒಂದಷ್ಟು ತಿಂಗಳು ಬಿಟ್ಟು ನೋಡಪ್ಪ, ದೇಹಕ್ಕೂ ಸ್ವಲ್ಪ ರೆಸ್ಟ್ ಸಿಗುತ್ತೆ" ಅನ್ನುತ್ತಾರೆ. ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಕೆಲವು ಡಾಕ್ಟರುಗಳೂ ಹೇಳುತ್ತಾರೆ. ನಾನೂ ಟ್ರಾನ್ಸ್ ಗಂಡಸು, ವರ್ಷಗಳಿಂದ ಈ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಈ ಸಲಹೆಯಿಂದ ನಮಗೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕು ಅನ್ನಿಸಿದೆ.

ಈ ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ನೋಡೋಣ. ಟೆಸ್ಟೋಸ್ಟಿರಾನನ್ನು ಹಾಗೇ ಚುಚ್ಚಿದರೆ ಬೇಗ ಕರಗಿ ಹೋಗುತ್ತದೆ. ಅದಕ್ಕೇ ಅದಕ್ಕೊಂದು ಕೊಬ್ಬಿನ ಆಮ್ಲ ಜೋಡಿಸಿ, ಎಣ್ಣೆಯಲ್ಲಿ ಬೆರೆಸಿ ಕೊಡುತ್ತಾರೆ. ಹರಳೆಣ್ಣೆ, ಎಳ್ಳೆಣ್ಣೆ, ಹತ್ತಿಬೀಜದ ಎಣ್ಣೆ, ಕೆಲವದರಲ್ಲಿ ಕಡಲೆಕಾಯಿ ಎಣ್ಣೆ. (ಕಡಲೆಕಾಯಿ ಅಲರ್ಜಿ ಇರುವವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಲೇಬೇಕು.) ಎಣ್ಣೆಯಿಂದ ಔಷಧಿ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಎನಾಂಥೇಟ್, ಸಿಪಿಯೋನೇಟ್ ಅನ್ನುವ ಬಗೆಗಳನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 100ರಿಂದ 200 ಮಿಲಿಗ್ರಾಂ, ಇಲ್ಲವೇ ಅದರರ್ಧ ವಾರಕ್ಕೊಮ್ಮೆ ಕೊಡುತ್ತಾರೆ. ಅಂಡೆಕನೋಯೇಟ್ ಆದರೆ 1000 ಮಿಲಿಗ್ರಾಂ, ಸುಮಾರು 12 ವಾರಕ್ಕೊಮ್ಮೆ. ಯಾರಿಗೆ ಯಾವುದು, ಎಷ್ಟು ಅನ್ನುವುದನ್ನು ರಕ್ತಪರೀಕ್ಷೆ ನೋಡಿ ಡಾಕ್ಟರ್ ತೀರ್ಮಾನಿಸಬೇಕು.

ಎರಡು ವಾರದ ಲೆಕ್ಕದಲ್ಲಿ ತೆಗೆದುಕೊಳ್ಳುವವರಿಗೆ ಒಂದು ಅನುಭವ ಚೆನ್ನಾಗಿ ಗೊತ್ತಿರುತ್ತದೆ. ಚುಚ್ಚಿಸಿಕೊಂಡ ಎರಡು ಮೂರು ದಿನಕ್ಕೆ ಹಾರ್ಮೋನ್ ಮಟ್ಟ ಮೇಲೇರುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಕೊನೆಯ ದಿನಗಳಲ್ಲಿ ಸುಸ್ತು, ಸಿಡಿಮಿಡಿ, ಯಾವುದರಲ್ಲೂ ಮನಸ್ಸಿಲ್ಲ. ನನಗೂ ಹೀಗೇ ಆಗುತ್ತಿತ್ತು. ವಾರಕ್ಕೊಮ್ಮೆ ಸಣ್ಣ ಡೋಸ್‌ಗೆ ಬದಲಿಸಿದ ಮೇಲೆ ಈ ಏರಿಳಿತ ತುಂಬಾ ಕಡಿಮೆಯಾಯಿತು. ಸ್ನಾಯುವಿನ ಬದಲು ಚರ್ಮದ ಕೆಳಗಿನ ಕೊಬ್ಬಿಗೆ ಸಣ್ಣ ಸೂಜಿಯಲ್ಲಿ ಕೊಟ್ಟರೂ ಔಷಧಿ ಸರಿಯಾಗಿಯೇ ಕೆಲಸ ಮಾಡುತ್ತದೆ, ನೋವೂ ಕಡಿಮೆ. ಎಷ್ಟೋ ಜನಕ್ಕೆ ಇಂಥ ದಾರಿ ಇದೆ ಅಂತಲೇ ಯಾರೂ ಹೇಳಿರುವುದಿಲ್ಲ. ಮನಸ್ಸು ಕುಗ್ಗಿದರೆ "ಹಾರ್ಮೋನ್ ನಿನಗೆ ಆಗಿಬರುತ್ತಿಲ್ಲ, ನಿಲ್ಲಿಸು" ಅಂತ ಹೇಳಿಬಿಡುತ್ತಾರೆ. ನಿಲ್ಲಿಸುವ ಮೊದಲು ಡೋಸ್ ಹಂಚಿ ನೋಡಬಹುದಲ್ವಾ?

ಇನ್ನು ನಿಲ್ಲಿಸಿದರೆ ಏನಾಗುತ್ತದೆ? ಗಡ್ಡ, ದಪ್ಪಗಾದ ದನಿ ಹೋಗುವುದಿಲ್ಲ. ಅವು ಬಂದರೆ ಬಂದಂತೆಯೇ. ಅದಕ್ಕೇ ಹೊರಗಿನವರಿಗೆ "ಎಲ್ಲ ಬದಲಾವಣೆ ಆಯಿತಲ್ಲ, ಇನ್ಯಾಕೆ ಇಂಜೆಕ್ಷನ್" ಅನ್ನಿಸುತ್ತದೆ. ಒಳಗಿನ ಕಥೆ ಬೇರೆ. ಸ್ನಾಯು ಕರಗುತ್ತದೆ, ಕೊಬ್ಬು ಮತ್ತೆ ಸೊಂಟ ತೊಡೆಗಳ ಕಡೆ ಸೇರುತ್ತದೆ. ಅಂಡಾಶಯ ಇರುವವರಿಗೆ ಮುಟ್ಟು ಮರಳಿ ಬರುತ್ತದೆ. ಒಮ್ಮೆ ಔಷಧಿ ಅಂಗಡಿಯಲ್ಲಿ ಸ್ಟಾಕ್ ಇಲ್ಲ ಅಂತ ನನ್ನ ಡೋಸ್ ವಾರಗಟ್ಟಲೆ ತಡವಾಯಿತು. ನಿಂತು ಎಷ್ಟೋ ಕಾಲವಾಗಿದ್ದ ಮುಟ್ಟು ಬಂತು. ಕೆಲಸಕ್ಕೆ ಹೋಗಬೇಕು, ಗಂಡಸರ ಶೌಚಾಲಯಕ್ಕೇ ಹೋಗಬೇಕು, ಅಲ್ಲಿ ಪ್ಯಾಡ್ ಹಾಕಲು ಬುಟ್ಟಿಯೂ ಇರುವುದಿಲ್ಲ. ಇಡೀ ದಿನ ಯಾರಿಗೂ ಗೊತ್ತಾಗದಂತೆ ನಡೆದುಕೊಳ್ಳಬೇಕು. ನನ್ನ ದೇಹ ನನ್ನದು ಅನ್ನಿಸಲು ವರ್ಷಗಳು ಹಿಡಿದಿದ್ದವು. ಆ ಭಾವನೆ ಕೆಲವೇ ದಿನದಲ್ಲಿ ಅಲ್ಲಾಡಿಹೋಯಿತು. ಇದಕ್ಕೆ ದೇಹದ ರೆಸ್ಟ್ ಅಂತ ಹೇಗೆ ಹೇಳಲಿ?

ಅಂಡಾಶಯ ತೆಗೆಸಿದವರ ವಿಷಯ ಇನ್ನೂ ಗಂಭೀರ. ಅವರ ದೇಹದಲ್ಲಿ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ತಯಾರಿಸುವ ಮುಖ್ಯ ಜಾಗವೇ ಹೋಗಿರುತ್ತದೆ. ಇಂಜೆಕ್ಷನ್ ಕೂಡ ನಿಂತರೆ ಎರಡೂ ಹಾರ್ಮೋನ್ ಸಾಲದು. ಮೈ ಬಿಸಿಯೇರುವುದು, ನಿದ್ದೆಗೇಡು ಶುರುವಾಗುತ್ತದೆ. ಕಣ್ಣಿಗೆ ಕಾಣದೆ ಮೂಳೆ ಸವೆಯುತ್ತದೆ. ಮೂಳೆ ಗಟ್ಟಿಯಿರಲು ಈ ಎರಡರಲ್ಲಿ ಒಂದಾದರೂ ಸಾಕಷ್ಟು ಇರಲೇಬೇಕು. ಥೈರಾಯ್ಡ್ ಗ್ರಂಥಿ ತೆಗೆಸಿಕೊಂಡವರಿಗೆ ಯಾರಾದರೂ "ಆರು ತಿಂಗಳು ಮಾತ್ರೆ ಬಿಟ್ಟು ನೋಡು" ಅನ್ನುತ್ತಾರಾ?

ವೃಷಣದ ತೊಂದರೆಯಿಂದ ಟೆಸ್ಟೋಸ್ಟಿರಾನ್ ಕಡಿಮೆ ಇರುವ ಬೇರೆ ಗಂಡಸರಿಗೂ ಕೊಡುವುದು ಇದೇ ಔಷಧಿ. ಅದೇ ಬಾಟಲಿ, ಅದೇ ಸೂಜಿ. ಅವರನ್ನು "ನಿಜವಾಗಲೂ ಬೇಕಾ, ಇನ್ನೊಮ್ಮೆ ಯೋಚಿಸು" ಅಂತ ಪ್ರತಿ ಸಲ ಕೇಳುವುದಿಲ್ಲ. ನಮ್ಮನ್ನು ಕೇಳುತ್ತಾರೆ. ಜ್ವರ ಅಂತ ಹೋದರೂ, ಕೈ ಉಳುಕಿದೆ ಅಂತ ಹೋದರೂ "ಮೊದಲು ಆ ಹಾರ್ಮೋನ್ ನಿಲ್ಲಿಸಿ" ಅನ್ನುವ ಡಾಕ್ಟರುಗಳನ್ನು ನಾನು ನೋಡಿದ್ದೇನೆ. ಅಂಗಡಿಯಲ್ಲಿ ಅನುಮಾನದ ನೋಟ ಬೇರೆ. ಕ್ರೀಡೆಯಲ್ಲಿ, ಜಿಮ್‌ಗಳಲ್ಲಿ ದುರ್ಬಳಕೆ ಆಗಿದ್ದರಿಂದ ಹಲವು ದೇಶಗಳು ಇದರ ಮಾರಾಟ ಬಿಗಿ ಮಾಡಿವೆ. ಆ ಕಾರಣ ನನಗೆ ಅರ್ಥವಾಗುತ್ತದೆ. ಆದರೆ ಚೀಟಿ ಕೈಯಲ್ಲಿ ಹಿಡಿದು ಬಂದ ರೋಗಿಯನ್ನು ಕಳ್ಳನಂತೆ ನೋಡುವುದು ಯಾವ ನ್ಯಾಯ?

"ಇದೆಲ್ಲ ಈಗಿನ ಫ್ಯಾಷನ್" ಅನ್ನುವವರಿಗೆ ಸ್ವಲ್ಪ ಇತಿಹಾಸ. ಟೆಸ್ಟೋಸ್ಟಿರಾನನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ತಯಾರಿಸಿದ್ದು 1935ರಲ್ಲಿ. ಇಂಗ್ಲೆಂಡಿನ ಟ್ರಾನ್ಸ್ ಗಂಡಸು ಮೈಕಲ್ ಡಿಲ್ಲನ್ 1939ರ ಹೊತ್ತಿಗೇ ಅದರ ಮಾತ್ರೆ ತೆಗೆದುಕೊಳ್ಳಲು ಶುರು ಮಾಡಿದ್ದರು. 1944ರಲ್ಲಿ ಜನನ ಪ್ರಮಾಣಪತ್ರದಲ್ಲಿ ಗಂಡು ಅಂತ ತಿದ್ದಿಸಿಕೊಂಡರು, ಮುಂದೆ ಸ್ವತಃ ಡಾಕ್ಟರ್ ಆದರು. ಅಂದರೆ ಔಷಧಿ ಹುಟ್ಟಿದ ಕಾಲದಿಂದಲೇ ನಾವೂ ಅದರ ಜೊತೆಗಿದ್ದೇವೆ.

ಈ ಅಗತ್ಯ ಎಷ್ಟು ತುರ್ತಿನದು ಅನ್ನುವುದಕ್ಕೆ ನನ್ನ ಮಾತೊಂದೇ ಸಾಕ್ಷಿಯಲ್ಲ. 2023ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಒಂದು ಅಧ್ಯಯನ ಪ್ರಕಟವಾಯಿತು. ಟೆಸ್ಟೋಸ್ಟಿರಾನ್ ಬೇಕೆಂದು ಬಂದ 64 ವಯಸ್ಕರಲ್ಲಿ ಕೆಲವರಿಗೆ ಕೂಡಲೇ ಶುರು ಮಾಡಿದರು, ಉಳಿದವರು ಮೂರು ತಿಂಗಳು ಕಾದರು. ಯಾರು ಯಾವ ಗುಂಪು ಅನ್ನುವುದನ್ನು ಚೀಟಿ ಎತ್ತಿದಂತೆ ಆರಿಸಲಾಗಿತ್ತು. ಕೂಡಲೇ ಶುರು ಮಾಡಿದವರಲ್ಲಿ ದೇಹದ ಬಗ್ಗೆ ಇದ್ದ ಸಂಕಟ, ಖಿನ್ನತೆ, ಸಾಯಬೇಕು ಅನ್ನುವ ಯೋಚನೆ ಕಾದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಯಿತು. ಬರೀ ಮೂರು ತಿಂಗಳಲ್ಲಿ! ಗಡ್ಡ ಇನ್ನೂ ಸರಿಯಾಗಿ ಮೂಡಿರುವುದಿಲ್ಲ ಅಷ್ಟರಲ್ಲಿ. ಅದು ತುಂಬಲು ನಾಲ್ಕೈದು ವರ್ಷ ಬೇಕು. ಹಾಗಿದ್ದೂ "ಕಾಯಿರಿ, ಏನವಸರ" ಅನ್ನುವವರು ಎಷ್ಟು ಹಗುರವಾಗಿ ಅನ್ನುತ್ತಾರೆ ಅಂತ ನನಗೆ ಸಿಟ್ಟು ಬರುತ್ತದೆ.

ನಮ್ಮವರಿಗೂ ಒಂದು ಮಾತು ಹೇಳಬೇಕು. ಜಾಸ್ತಿ ಚುಚ್ಚಿಕೊಂಡರೆ ಬೇಗ ಗಂಡಸಾಗುತ್ತೇವೆ ಅನ್ನುವ ನಂಬಿಕೆ ಕಿರಿಯ ಹುಡುಗರಲ್ಲಿದೆ. ದಯವಿಟ್ಟು ಬೇಡ ಕಣ್ರೋ. ಟೆಸ್ಟೋಸ್ಟಿರಾನ್ ಮಿತಿ ಮೀರಿದರೆ ಕೆಂಪು ರಕ್ತಕಣ ಹೆಚ್ಚಿ ರಕ್ತ ಮಂದವಾಗುತ್ತದೆ. ರಿಪೋರ್ಟಿನಲ್ಲಿ ಹಿಮೆಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಅಂತ ಇರುತ್ತದಲ್ಲ, ಅದು 54 ಪರ್ಸೆಂಟ್ ದಾಟಿದರೆ ಡಾಕ್ಟರ್ ಡೋಸ್ ಬದಲಿಸಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟುವ ಅಪಾಯ ಅದರಲ್ಲಿದೆ. ಹೆಚ್ಚಾದ ಟೆಸ್ಟೋಸ್ಟಿರಾನ್ ಸ್ವಲ್ಪ ಭಾಗ ದೇಹದಲ್ಲಿ ಈಸ್ಟ್ರೋಜನ್ ಆಗಿಯೂ ಬದಲಾಗುತ್ತದೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ. ಬಿಪಿ, ಕೊಲೆಸ್ಟ್ರಾಲ್ ಕೂಡ ನೋಡಿಸಿ. ಡಾಕ್ಟರುಗಳು ನಮ್ಮನ್ನು ವಾಪಸ್ ಕಳಿಸಿದಾಗಲೇ ನಮ್ಮ ಹುಡುಗರು ಎಲ್ಲಿಂದಲೋ ತಂದು ತಾವೇ ಚುಚ್ಚಿಕೊಳ್ಳುವುದು. ಬಾಗಿಲು ತೆರೆದಿದ್ದರೆ ಈ ಅಪಾಯದ ಅರ್ಧ ಭಾಗ ಇರುತ್ತಲೇ ಇರಲಿಲ್ಲ.

ಮುಟ್ಟು ನಿಂತಿತು ಅಂದರೆ ಗರ್ಭ ನಿಲ್ಲುವುದಿಲ್ಲ ಅಂತಲ್ಲ. ಇದೂ ತುಂಬಾ ಜನಕ್ಕೆ ಗೊತ್ತಿಲ್ಲ. ಈ ಇಂಜೆಕ್ಷನ್ ಗರ್ಭನಿರೋಧಕವಲ್ಲ, ಮಗು ಹೊಟ್ಟೆಯಲ್ಲಿದ್ದಾಗ ಇದು ಮಗುವಿಗೆ ಹಾನಿ. ಮುಂದೆ ಮಗು ಬೇಕು ಅನ್ನಿಸಬಹುದಾದವರು ಅಂಡಾಣು ಶೇಖರಿಸಿಡುವ ಬಗ್ಗೆ ಶುರುವಿನಲ್ಲೇ ಕೇಳಿಕೊಳ್ಳಿ. ಗರ್ಭಕೋಶದ ಬಾಯಿ ಇರುವವರೆಗೆ ಅದರ ಕ್ಯಾನ್ಸರ್ ತಪಾಸಣೆಯೂ ಬೇಕು, ಗಡ್ಡ ಇದ್ದರೂ ಬೇಕು.

ಯೋಚಿಸಿ, ತಮ್ಮ ಇಷ್ಟದಿಂದ ನಿಲ್ಲಿಸುವವರೂ ನಮ್ಮಲ್ಲಿದ್ದಾರೆ. ಕಡಿಮೆ ಡೋಸ್ ಸಾಕು ಅನ್ನುವವರೂ ಇದ್ದಾರೆ. ಅದು ಅವರ ತೀರ್ಮಾನ. ಸ್ಟಾಕ್ ಇಲ್ಲದೆ, ದುಡ್ಡಿಲ್ಲದೆ, ಡಾಕ್ಟರ್ ಒಪ್ಪದೆ ನಿಲ್ಲುವುದು ಬೇರೆ. ಹಾಗಾಗದಂತೆ ಮುಂದಿನ ಡೋಸ್‌ಗೆ ಎರಡು ವಾರ ಇರುವಾಗಲೇ ಔಷಧಿ ಮನೆಯಲ್ಲಿರುವ ಹಾಗೆ ನೋಡಿಕೊಳ್ಳಿ. ತಪ್ಪಿಹೋದರೆ ಮುಂದಿನ ಸಲ ಎರಡರಷ್ಟು ಚುಚ್ಚಿಕೊಳ್ಳಬೇಡಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಮನೆಯಲ್ಲಿ ತಮ್ಮನೋ ಮಗನೋ ಇದನ್ನು ತೆಗೆದುಕೊಳ್ಳುತ್ತಿದ್ದರೆ, ಅಂಗಡಿಯಲ್ಲಿ ಸಿಗದ ದಿನ ಅವನ ಜೊತೆ ಇನ್ನೊಂದು ಅಂಗಡಿಗೆ ನೀವೂ ಹೋಗಿ.